ಖಾಲಿ ಬಿಟ್ಟ ಮೂರನೇ ಕಾಲಮ್ಮು

ಹೋದ ತಿಂಗಳು ಮುಂಬಯಿಯ ವಿಕ್ರೋಳಿಯಲ್ಲಿ ಒಂದು ಟವರಿನ ಗೇಟಿನಲ್ಲಿ ನನ್ನನ್ನು ನಿಲ್ಲಿಸಿದರು. ಹಳೆಯ ಸಹೋದ್ಯೋಗಿಯೊಬ್ಬರ ಮಗ ಅಲ್ಲಿ ಹದಿನಾಲ್ಕನೇ ಮಾಳಿಗೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ, ಊಟಕ್ಕೆ ಕರೆದಿದ್ದ. ವಾಚ್‌ಮನ್ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ದಾರ ಕಟ್ಟಿದ ಪೆನ್ನು ಕೊಟ್ಟ. ನನ್ನ ಹೆಸರು ಬರೆದೆ. ಎಲ್ಲಿಂದ ಎಂಬಲ್ಲಿ ಮೈಸೂರು ಎಂದು ಬರೆದೆ. ಮೂರನೆಯದನ್ನು ಬಿಟ್ಟು ಫ್ಲ್ಯಾಟ್ ನಂಬರಿಗೆ ಹೋಗುವಷ್ಟರಲ್ಲಿ ಅವನು ಬೆರಳಿಟ್ಟು ತೋರಿಸಿದ.

"ಮ್ಯಾಡಮ್, ಕಿಸ್‌ಸೆ ಮಿಲ್ನಾ ಹೈ, ಉಸ್ಕಾ ನಾಮ್ ಲಿಖೋ. ಕಾಲಮ್ ಖಾಲೀ ನಹೀ ಛೋಡ್ನೇಕಾ."

ನನಗೆ ಎಂಥ ಸಿಟ್ಟು ಬಂತೆಂದರೆ ಪೆನ್ನನ್ನು ಅಲ್ಲೇ ಬಿಸಾಕಿದೆ. ದಾರ ಇದ್ದುದರಿಂದ ಅದು ನೆಲಕ್ಕೆ ಬೀಳದೆ ಮೇಜಿನ ಪಕ್ಕದಲ್ಲಿ ತೂಗಾಡಿತು. ಪಾಪ, ಅವನದೇನು ತಪ್ಪು? ಯಾರನ್ನು ಕಾಣಬೇಕೆಂದು ಕೇಳುವುದು ಅವನ ಕೆಲಸ. ಆದರೆ ಆ ಟವರು ನಿಂತಿರುವುದು ಗುಡ್ಡವನ್ನು ಕಡಿದು ಸಮ ಮಾಡಿದ ಜಾಗದಲ್ಲಿ. ಆ ಗುಡ್ಡದ ಮೇಲೆ, ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಇನ್ನೊಂದು ಕಾಗದದಲ್ಲಿ ಇದೇ ಮೂರನೇ ಕಾಲಮ್ಮನ್ನು ಖಾಲಿ ಬಿಟ್ಟು ಇಳಿದು ಬಂದವಳು ನಾನು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಿದ್ದದ್ದು ರೈಲ್ವೆ ಹಳಿಯ ಪೂರ್ವಕ್ಕೆ, ಕಾರ್ಖಾನೆಯ ಕಾಲೋನಿಯಲ್ಲಿ. ನಮ್ಮ ಯಜಮಾನರು ಅಲ್ಲಿ ಡ್ರಾಫ್ಟ್ಸ್‌ಮನ್. ನಾನು ಮೈಸೂರಿನಿಂದ ಮದುವೆಯಾಗಿ ಬಂದು ಹತ್ತು ವರ್ಷವಾಗಿತ್ತು. ಕಾಲೋನಿಯಲ್ಲಿ ಮರಗಳಿದ್ದವು, ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು, ಸಂಜೆ ಖಾಡಿಯ ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ನಮ್ಮ ಮೇಲಿನ ಮನೆಯಲ್ಲಿ ಗುಜರಾತಿಗಳು, ಎದುರಿಗೆ ಕೇರಳದ ನರ್ಸ್, ಕೆಳಗೆ ಪಾರ್ಸಿ ಮುದುಕ ದಂಪತಿ. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ತಟ್ಟೆ ಕಳಿಸಿ, ನಮ್ಮಂಥ ಹೊಂದಾಣಿಕೆ ಇನ್ನೆಲ್ಲೂ ಇಲ್ಲವೆಂದು ಬೀಗುತ್ತಿದ್ದೆವು. ಆ ಹೊಂದಾಣಿಕೆ ಸ್ಟೇಷನ್ನಿನ ಸೇತುವೆಯವರೆಗೆ ಮಾತ್ರ ಇತ್ತು. ನಾನು ಪಾಠ ಮಾಡುತ್ತಿದ್ದ ಕನ್ನಡ ಶಾಲೆ ಸೇತುವೆಯ ಆಚೆ, ಪಶ್ಚಿಮಕ್ಕೆ, ಗುಡ್ಡದ ಬುಡದಲ್ಲಿ. ದಿನಾ ದಾಟುತ್ತಿದ್ದೆ, ದಾಟಿದ ಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಬೇರೆಯವರನ್ನು ಬೈಯುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ.

ಗುಡ್ಡಕ್ಕೆ ಎಲ್ಲರೂ ಟೇಕಡಿ ಎನ್ನುತ್ತಿದ್ದರು. ಬುಡದಲ್ಲಿ ರಸ್ತೆ, ರಸ್ತೆಗೆ ಮುಖ ಮಾಡಿ ಶೆಟ್ಟರ ಹೋಟೆಲು, ಅದರ ಪಕ್ಕ ಮಾರವಾಡಿಯ ಅಂಗಡಿ. ಅಲ್ಲಿಂದ ಮೆಟ್ಟಿಲಿನಂತೆ ಕಡಿದ ದಾರಿ. ಮೊದಲು ಕೊಂಕಣದ ಮರಾಠಿಗರ ಓಣಿ, ಅವರು ಎಲ್ಲರಿಗಿಂತ ಮೊದಲು ಬಂದವರು. ಆಮೇಲೆ ಎಮ್ಮೆ ಕಟ್ಟಿಕೊಂಡಿದ್ದ ಉತ್ತರ ಪ್ರದೇಶದವರು, ಹೊಲಿಗೆ ಮಷೀನು ಗಡಗಡಿಸುವ ಮುಸಲ್ಮಾನರ ಓಣಿ, ತಿರುನೆಲ್ವೇಲಿಯ ಕಡೆಯ ತಮಿಳರು. ಕಟ್ಟಕಡೆಗೆ, ಏದುಸಿರು ಬಿಡುತ್ತ ಹತ್ತಿದರೆ ಸಿಗುವ ಬಂಡೆಯ ಅಂಚಿಗೆ, ಕಲಬುರಗಿಯ ಕಡೆಯ ನಮ್ಮವರು. ಕೊನೆಗೆ ಬಂದವರಿಗೆ ಕೊನೆಯ ಜಾಗ. ನಲ್ಲಿ ಮಾತ್ರ ಬುಡದಲ್ಲೇ ಒಂದು. ಕೆಳಗಿನವರದೆಲ್ಲ ಆದ ಮೇಲೆ ಮೇಲಿನವರ ಸರದಿ, ಅಷ್ಟು ಹೊತ್ತಿಗೆ ನೀರು ದಾರದಂತೆ ಸಣ್ಣಗಾಗಿರುತ್ತಿತ್ತು. ನಮ್ಮ ಕಾಲೋನಿಯ ಗೋಡೆಗಳನ್ನು ಕಟ್ಟಿದ ಗೌಂಡಿಗಳು ಆ ಮೇಲಿನ ಓಣಿಯವರು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ತಡವಾಗಿ.

ಆ ವರ್ಷ ಮೇ ತಿಂಗಳ ರಜೆಯಲ್ಲಿ ಗುಡ್ಡದ ಸರ್ವೆ ಬಂತು. ಗುಡಿಸಲುಗಳ ಪಟ್ಟಿ ಮಾಡುವುದು, ಪಟ್ಟಿಯಲ್ಲಿ ಹೆಸರಿದ್ದವರ ಬಾಗಿಲಿಗೆ ನಂಬರು ಬರೆಯುವುದು. ನಂಬರು ಬಿದ್ದ ಮನೆಯನ್ನು ಮುಂದೆ ಬೇರೆ ಜಾಗ ಕೊಡದೆ ಒಡೆಯುವಂತಿಲ್ಲ. ನಂಬರಿಲ್ಲದ ಮನೆಯನ್ನು ಯಾವಾಗ ಬೇಕಾದರೂ ಒಡೆಯಬಹುದು. ಕನ್ನಡದ ಓಣಿಗೆ ಕನ್ನಡದ ಟೀಚರ್ ಬೇಕೆಂದು ಸರ್ವೆ ಕಚೇರಿಯಿಂದ ನನಗೆ ಕಾಗದ ಬಂತು. ಯಜಮಾನರು, "ನಿನಗ್ಯಾಕೆ ಇಲ್ಲದ ಉಸಾಬರಿ, ಬಿಸಿಲಲ್ಲಿ ಸುತ್ತಿ ತಲೆನೋವು ಬರಿಸಿಕೋಬೇಡ" ಎಂದರು. ನಾನು ಕೇಳಲಿಲ್ಲ. ನಮ್ಮ ಜನಕ್ಕೆ ನಾನು ಆಗದೆ ಇನ್ನಾರು ಆಗಬೇಕು ಎಂದು ಸ್ಟಾರ್ಚ್ ಹಾಕಿದ ಸೀರೆ ಉಟ್ಟು, ಕೊಡೆ ಹಿಡಿದು ಹೊರಟೆ.

ನನ್ನ ಜೊತೆ ಬಂದ ಸೂಪರ್‌ವೈಜರ್ ಸಾಹೇಬ ತೆಳ್ಳಗೆ, ಎತ್ತರ, ಕರವಸ್ತ್ರವನ್ನು ಕಾಲರಿಗೆ ಸುತ್ತಿಕೊಂಡವನು. ಕೆಟ್ಟವನೇನಲ್ಲ. ಅದೇ ಸಿಟ್ಟು ಬರುವ ವಿಷಯ, ಆ ಇಡೀ ಕತೆಯಲ್ಲಿ ಕೆಟ್ಟವರು ಎಂದು ಹಿಡಿದು ಬಡಿಯಲು ಒಬ್ಬನೂ ಸಿಗುವುದಿಲ್ಲ. ಅವನ ಫಾರಮ್ಮಿನಲ್ಲಿ ನಾಲ್ಕು ಕಾಲಮ್ಮು. ಮನೆಯ ಕ್ರಮಸಂಖ್ಯೆ, ಎಷ್ಟು ವರ್ಷದಿಂದ ವಾಸ, ಕುಟುಂಬದ ಯಜಮಾನನ ಹೆಸರು, ಜನ ಎಷ್ಟು. ನಾನು ಕೇಳಬೇಕು, ಬರೆಯಬೇಕು. ಅವನು ನೋಡಿ ಸಹಿ ಹಾಕಬೇಕು.

ಮೇಲಿನ ಓಣಿಗೆ ಮುಟ್ಟುವ ಹೊತ್ತಿಗೆ ಹನ್ನೊಂದು ಗಂಟೆ. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಮುದುಕಿಯರಿದ್ದ ಮನೆಗಳಲ್ಲಿ ತೊಂದರೆಯಾಗಲಿಲ್ಲ, ತಾಯಂದಿರು ಮಗನ ಹೆಸರನ್ನು ಗಟ್ಟಿಯಾಗಿ ಹೇಳಿದರು. ನಾಲ್ಕು ಮನೆಗಳಲ್ಲಿ ಹೆಂಡತಿಯರು ಮಾತ್ರ. ಅದರಲ್ಲಿ ಮೊದಲನೆಯದು ನನ್ನ ಶಾಲೆಯ ಶಾಂತಾಳ ಮನೆ. ಓಣಿಯವರ ಬಾಯಲ್ಲಿ ಶಾಂತಿಯಾಗಿದ್ದ ಶಾಂತಾ ರಜೆಗೆ ಅಜ್ಜಿಯ ಜೊತೆ ಊರಿಗೆ ಹೋಗಿದ್ದಳು. ಅವಳ ತಾಯಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಬಾಗಿಲಿಗೆ ಬೇವಿನ ಸೊಪ್ಪಿನ ತೋರಣ ಕಟ್ಟಿತ್ತು. ಎಷ್ಟು ವರ್ಷವಾಯಿತು ಎಂದೆ. "ಶಾಂತಿ ಹುಟ್ಟೂಕಿಂತ ಮೊದಲ ಬಂದೀವ್ರಿ, ಹನ್ನೊಂದ ವರ್ಷ ಆತು" ಎಂದಳು. ಬರೆದೆ.

"ನಿಮ್ಮ ಯಜಮಾನರ ಹೆಸರೇನಮ್ಮ?"

ಆಕೆ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಪಕ್ಕದ ಮನೆಯವಳನ್ನು ನೋಡಿದಳು. ಪಕ್ಕದವಳು ವಾರಗಿತ್ತಿ, ಭಾವನ ಹೆಸರನ್ನು ಅವಳೂ ಹೇಳುವಂತಿಲ್ಲ. ಓಣಿಯ ಉಳಿದವರಿಗೆ ಅವನು ಬರೀ ಶಾಂತಿ ಅಪ್ಪ.

"ಹೆಂಗ ಹೇಳಲ್ರಿ ಅಕ್ಕೋರ? ಗಂಡನ ಹೆಸರ ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗ್ತದಂತ."

"ರೇಷನ್ ಕಾರ್ಡ್ ತೋರಿಸಿ."

"ಟ್ರಂಕಿನಾಗ ಅದ ರೀ. ಕೀಲಿ ಅವರ ಉಡದಾರದಾಗ ಅದ."

ಕೆಳಗಿನ ಓಣಿಯಿಂದ ನೋಡಲು ಬಂದಿದ್ದ ತಮಿಳು ಹೆಂಗಸು ಸಹಾಯ ಮಾಡಲು ಮುಂದೆ ಬಂದಳು. "ಉಸ್ಕಾ ನಾಮ್ ಮಿಸ್ತ್ರಿ. ಸಬ್ ಲೋಗ್ ಮಿಸ್ತ್ರಿ ಬೋಲ್ತಾ" ಎಂದಳು. ಅದು ಕಸುಬು, ಹೆಸರಲ್ಲ. ಸಾಹೇಬ ಗಡಿಯಾರ ನೋಡಿಕೊಂಡ. ಹೆಂಗಸಿನ ಹೆಸರನ್ನೇ ಬರೆಯಬಹುದಲ್ಲ ಎಂದು ನಾನು ಕೇಳಿದ್ದು ನಿಜ. ಗಂಡ ಇಲ್ಲದಿದ್ದರೆ ಮಾತ್ರ ಹಾಗೆ ಎಂದು ಹೇಳಿ, ಅವನು ಹಲ್ಲು ಕಿರಿದು, "ತೋ ವಿಧವಾ ಲಿಖೂಂ ಕ್ಯಾ?" ಎಂದ. ಆಕೆಗೆ ಅಷ್ಟು ಹಿಂದಿ ಅರ್ಥವಾಯಿತು. ಹಿಟ್ಟಿನ ಕೈಯಿಂದಲೇ ಎರಡೂ ಕೆನ್ನೆ ಬಡಿದುಕೊಂಡಳು. ಮುಖದ ಮೇಲೆ ಜೋಳದ ಹಿಟ್ಟಿನ ಬೆರಳು ಮೂಡಿದವು.

ಆಮೇಲೆ ಆಕೆಯೇ ದಾರಿ ಹುಡುಕಿದಳು. "ತಡೀರಿ ಅಕ್ಕೋರ, ಒಡಪ ಹಾಕಿ ಹೇಳ್ತೀನಿ." ಆ ಕಡೆಯ ಮದುವೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳುತ್ತಾರೆ, ಹಾಗೆ ಹೇಳಿದರೆ ದೋಷವಿಲ್ಲ. ಓಣಿಯ ಹೆಂಗಸರೆಲ್ಲ ಬಾಗಿಲುಗಳಿಗೆ ಬಂದರು. ಆಕೆ ಕೈ ಒರೆಸಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು, ಸ್ವಲ್ಪ ಹೊತ್ತು ಯೋಚಿಸಿ ಶುರು ಮಾಡಿದಳು.

"ಗುಡ್ಡದ ಮ್ಯಾಲ ಮನಿ ಕಟ್ಟಿ, ಬಾಗಲಿಗೆ ಬೇವಿನ ತ್ವಾರಣ ಕಟ್ಟಿ..."

"ಅರೇ, ಗಾನಾ-ಬಜಾನಾ ಬಾದ್ ಮೇಂ!" ಎಂದ ಸಾಹೇಬ.

ಹೆಸರು ಬರಲು ಇನ್ನೊಂದು ಸಾಲು ಇತ್ತು, ಒಂದೇ ಒಂದು ಸಾಲು. ನಾನು ತಡೆಯಿರಿ ಎನ್ನಬಹುದಿತ್ತು. ಎನ್ನಲಿಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಕಾಲಿನಲ್ಲಿ ಗುಳ್ಳೆ ಎದ್ದಿತ್ತು, ಸಾಹೇಬನ ಮಾತಿಗೆ ನಾನೂ ನಕ್ಕೆ. ಓದಿದವರ ನಗು ಅದು, ನೆನೆದರೆ ಈಗಲೂ ನನ್ನ ಬಾಯಿಗೆ ಬಡಿದುಕೊಳ್ಳಬೇಕು ಅನ್ನಿಸುತ್ತದೆ. "ಭಾನುವಾರ ನಿಮ್ಮ ಯಜಮಾನರು ಮನೆಯಲ್ಲಿರುತ್ತಾರಲ್ಲ, ಆಗ ನಾನೇ ಬಂದು ಬರೆದುಕೊಂಡು ಹೋಗುತ್ತೇನೆ" ಎಂದೆ. ಆಕೆ ನಂಬಿದಳು. ಉಳಿದ ಮೂವರಿಗೂ ಹಾಗೇ ಹೇಳಿದೆ. ನಾಲ್ಕು ಮನೆಗಳ ಮೂರನೇ ಕಾಲಮ್ಮಿನಲ್ಲಿ ಪೆನ್ಸಿಲಿನಿಂದ ಒಂದೊಂದು ಗೆರೆ ಎಳೆದು ಕೆಳಗಿಳಿದೆ.

ಭಾನುವಾರ ನಾನು ಹೋದದ್ದು ಬಾಂದ್ರಾಕ್ಕೆ. ಒಂದು ಕನ್ನಡ ಸಂಘದ ವಾರ್ಷಿಕೋತ್ಸವ. ಸ್ವಾಗತ ಗೀತೆ ನನ್ನದು, ಆಮೇಲೆ ಹತ್ತು ನಿಮಿಷದ ಭಾಷಣ ಬೇರೆ. ವಿಷಯ ಏನು ಗೊತ್ತೆ? ಮುಂಬಯಿ ಕನ್ನಡಿಗರ ಒಗ್ಗಟ್ಟು. ಫೋರ್ಟಿನ ಬ್ಯಾಂಕುಗಳಿಂದ ಬಂದ ಮಹನೀಯರು, ಕೇಸರಿಭಾತಿನ ತಟ್ಟೆ, ಫ್ಯಾನಿನ ಕೆಳಗೆ ಕುರ್ಚಿ. ನಮ್ಮವರು ಎಲ್ಲಿದ್ದರೂ ನಮ್ಮವರೇ ಎಂದು ನಾನು ಕೈ ಆಡಿಸಿ ಹೇಳಿದಾಗ ಚಪ್ಪಾಳೆ ಬಿತ್ತು. ಗುಡ್ಡದ ನೆನಪು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಸೋಮವಾರ ನೋಡಿದರಾಯಿತು ಅಂದುಕೊಂಡೆ. ಸೋಮವಾರ ಸಾಹೇಬ ಬೆಳಿಗ್ಗೆಯೇ ಫಾರಮ್ಮುಗಳನ್ನು ತೆಗೆದುಕೊಂಡು ಹೋದ. ನಾಲ್ಕು ಹೆಸರು ಬಾಕಿ ಇದೆ ಎಂದೆ, ಕಚೇರಿಯಲ್ಲಿ ಸರಿ ಮಾಡೋಣ ಎಂದ. ಅಷ್ಟಕ್ಕೇ ನನ್ನ ಮನಸ್ಸಿಗೆ ಸಮಾಧಾನವಾಗಿಬಿಟ್ಟಿತು.

ಮಳೆ ಶುರುವಾದ ಹದಿನೈದು ದಿನಕ್ಕೆ ಬಾಗಿಲುಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬಿದ್ದವು. ನಂಬರು ಬಂದವರು ಧೈರ್ಯ ಮಾಡಿ ಸೂರಿಗೆ ತಗಡು ಹೊದಿಸಿದರು. ಬಾರದವರು ನೀಲಿ ಪ್ಲಾಸ್ಟಿಕ್ಕಿನ ಮೇಲೆ ಕಲ್ಲು ಹೇರಿ ಕಾದರು. ಆ ವರ್ಷದ ಮಳೆಯಾದರೂ ಎಂಥದು! ಸ್ಟೇಷನ್ನಿನ ಹಳಿಗಳು ಮುಳುಗಿದವು, ಲೋಕಲ್‌ಗಳು ನಿಂತಲ್ಲೇ ನಿಂತವು, ಮಕ್ಕಳು ಶಾಲೆಗೆ ಬರುವಾಗ ಪಾಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಮೇಲಿನಿಂದ ಒಂದು ಬಂಡೆ ಉರುಳಿ ತಮಿಳರ ಓಣಿಯ ಕಟ್ಟೆ ಒಡೆಯಿತು. ಶಾಂತಿಯ ಅವ್ವ ಎರಡು ಸಲ ಶಾಲೆಗೆ ಬಂದಳು. ವರಾಂಡದಲ್ಲಿ ನೀರು ತೊಟ್ಟಿಕ್ಕುತ್ತ ನಿಂತು, "ಅಕ್ಕೋರ, ನಮಗ ನಂಬರ ಬರಲಿಲ್ಲರಿ" ಎಂದಳು. ಎರಡು ಸಲವೂ ನಾನು, "ಬರುತ್ತಮ್ಮ, ಕಚೇರಿ ಕೆಲಸ ಅಂದರೆ ನಿಧಾನ" ಎಂದೆ. ಭಾನುವಾರ ಯಾಕೆ ಬರಲಿಲ್ಲ ಎಂದು ಆಕೆ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನಾನು ಅಲ್ಲೇ ರೇಗುತ್ತಿದ್ದೆನೋ ಏನೋ.

ಆಗಸ್ಟಿನಲ್ಲಿ ಅವಳ ಗಂಡನೇ ನಮ್ಮ ಮನೆ ಹುಡುಕಿಕೊಂಡು ಬಂದ. ಕಚೇರಿಗೆ ರೇಷನ್ ಕಾರ್ಡು ತೆಗೆದುಕೊಂಡು ಮೂರು ಸಲ ಹೋಗಿದ್ದನಂತೆ. ಪಟ್ಟಿ ಮುಚ್ಚಿದೆ, ಸರ್ವೆ ಮಾಡಿದ ಟೀಚರಿಂದ ಕಾಗದ ತಾ ಅಂದರಂತೆ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತ. ನಾನು ಕಾಗದ ಬರೆಯುತ್ತಿದ್ದಾಗ ಬಾಗಿಲ ಪಕ್ಕದ ಗೋಡೆಯನ್ನು ಅಂಗೈಯಿಂದ ಸವರಿ, "ಇಲ್ಲಿ ನೀರ ಕುಡೀಲಕತ್ತದ್ರಿ. ಈ ಗ್ವಾಡಿ ನಾನೇ ಕಟ್ಟೀನಿ, ಮ್ಯಾಲ ಬಳದ ಸಿಮೆಂಟಿನ ಗಿಲಾವ್ ಮಾತ್ರ ಬ್ಯಾರೆಯವ್ರು ಮಾಡ್ಯಾರ" ಎಂದ. ಕಾಗದದಲ್ಲಿ "ಈ ವ್ಯಕ್ತಿಯ ಮನೆಯನ್ನು ನಾನು ನೋಡಿದ್ದೇನೆ" ಎಂದು ಬರೆದು ಸಹಿ ಹಾಕಿದೆ. ಹೆಸರು ಅವನನ್ನೇ ಕೇಳಿ ಬರೆದುಕೊಂಡೆ. ಭೀಮರಾಯ. ಕೇಳಿದ ಕೂಡಲೇ ಹೇಳಿದ, ಅಷ್ಟೇ ಇತ್ತು ಕೆಲಸ. ಮುಂದಿನ ವಾರ ಅವನು ಬಂದು, ಕಚೇರಿಯಲ್ಲಿ ಈಗ ಹಾಗೆ ಮನೆಗಳಿಂದ ತಂದ ಕಾಗದ ನಡೆಯುವುದಿಲ್ಲ ಅಂದರೆಂದು ಹೇಳಿ, ಕಾಗದವನ್ನು ಜೋಪಾನವಾಗಿ ಮಡಚಿ ನನಗೇ ಹಿಂತಿರುಗಿಸಿದ.

ಮಳೆ ಬಿಟ್ಟು ಬಿಸಿಲು ಬಂತು. ನವರಾತ್ರಿ ಮುಗಿದು ಎರಡು ದಿನಕ್ಕೆ ಬೆಳಿಗ್ಗೆ ಹಾಜರಿ ಕರೆಯುತ್ತಿದ್ದೆ. "ಬಿ. ಶಾಂತಾ" ಎಂದೆ, ಉತ್ತರ ಬರಲಿಲ್ಲ. "ಟೀಚರ್, ಮ್ಯಾಲ ಮನಿ ಒಡಿಲಕತ್ತಾರ, ಅವರವ್ವ ಬಾಗಲ ಹಿಡಕೊಂಡ ನಿಂತಾಳ" ಎಂದು ಪಕ್ಕದ ಹುಡುಗಿ ಹೇಳಿದಳು. ನನ್ನ ಕಣ್ಣು ಹಾಜರಿ ಪುಸ್ತಕದ ಮೇಲೆ ನಿಂತುಬಿಟ್ಟಿತು. ಬಿ. ಶಾಂತಾ. ಮುಂಬಯಿಯ ಶಾಲೆಗಳಲ್ಲಿ ಮಗುವಿನ ಹೆಸರಿನ ಮುಂದೆ ಅಪ್ಪನ ಹೆಸರನ್ನು ಪೂರ್ತಿ ಬರೆಯುತ್ತಾರೆ. ನಾನು ಮೈಸೂರಿನವಳು, ನಮ್ಮಲ್ಲಿ ಇನಿಷಿಯಲ್ ಸಾಕು. ಹತ್ತು ವರ್ಷದಿಂದ ಎಲ್ಲ ಮಕ್ಕಳ ಅಪ್ಪಂದಿರನ್ನೂ ಒಂದೊಂದು ಅಕ್ಷರ ಮಾಡಿ ಕೂರಿಸಿದ್ದೆ. ಶಾಲೆಗೆ ಸೇರಿಸಿಕೊಂಡಾಗ ಬರೆದ ದೊಡ್ಡ ರಿಜಿಸ್ಟರಿನಲ್ಲಿ ಪೂರ್ತಿ ಹೆಸರು ಇದ್ದೇ ಇತ್ತು, ಹೆಡ್‌ಮಾಸ್ಟರ ಕಪಾಟಿನಲ್ಲಿ, ನನ್ನ ಕುರ್ಚಿಯಿಂದ ಇಪ್ಪತ್ತು ಹೆಜ್ಜೆಗೆ. ಆ ಬಿ ಏನು ಎಂದು ಮೇ ತಿಂಗಳಲ್ಲಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾಲ್ಕು ಮನೆಗಳ ಮಕ್ಕಳೂ ನಮ್ಮ ಶಾಲೆಯವರೇ.

ಕಪಾಟು ತೆಗೆಸಿ ರಿಜಿಸ್ಟರನ್ನು ಎತ್ತಿಕೊಂಡು ಓಡಿದೆ. ಹೋಟೆಲಿನ ಬಾಗಿಲಲ್ಲಿ ಶೆಟ್ಟರು, "ಟೀಚರೇ, ಮೇಲೆ ಹೋಗ್ಬೇಡಿ ಮಾರ್ರೆ, ಪೊಲೀಸ್ ಉಂಟು" ಎಂದದ್ದು ಕೇಳಿಸಿತು. ಮಗುವಿನಷ್ಟು ಭಾರದ ಆ ರಿಜಿಸ್ಟರನ್ನು ಅಪ್ಪಿಕೊಂಡು ಐದು ಓಣಿಗಳನ್ನು ಹತ್ತಿದೆ. ಎಲ್ಲ ಓಣಿಯವರೂ ತಮ್ಮ ತಮ್ಮ ನಂಬರಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ಒಬ್ಬರೂ ಅಲ್ಲಾಡಲಿಲ್ಲ. ಅವರನ್ನು ಬೈಯುವ ಬಾಯಿ ನನಗಿಲ್ಲ.

ಮೇಲೆ ಮೂರು ಮನೆ ಆಗಲೇ ನೆಲಕ್ಕೆ ಬಿದ್ದಿದ್ದವು. ಅಲ್ಲಿಗೆ ಯಂತ್ರ ಹತ್ತುವುದಿಲ್ಲ, ಹಾರೆ ಸುತ್ತಿಗೆ ಹಿಡಿದ ಆಳುಗಳೇ ಒಡೆಯುತ್ತಿದ್ದರು. ಪಟ್ಟಿ ಹಿಡಿದುಕೊಂಡು ನಿಂತಿದ್ದವನು ಅದೇ ಸಾಹೇಬ, ಕಾಲರಿಗೆ ಅದೇ ಕರವಸ್ತ್ರ. ಶಾಂತಿಯ ಅವ್ವ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದಳು. ಹೆಂಗಸು ಪೊಲೀಸರು ಇಬ್ಬರು ಆಕೆಯ ರಟ್ಟೆ ಹಿಡಿದಿದ್ದರು. ಸಾಹೇಬ ಪಟ್ಟಿಯನ್ನು ಆಕೆಯ ಮುಖದ ಮುಂದೆ ಹಿಡಿದು, "ನಾಮ್ ಕಿಧರ್ ಹೈ? ನಾಮ್ ಹೀ ನಹೀ ಹೈ!" ಎನ್ನುತ್ತಿದ್ದ.

ಆಗ ಆಕೆ ಕೂಗಿದಳು.

"ಭೀಮರಾಯ! ಭೀಮರಾಯ ಅಂತ ಬರಕೋರಿ! ಭೀಮರಾಯ! ನನ್ನ ಗಂಡನ ಹೆಸರ ಭೀಮರಾಯ!"

ಒಡಪಿಲ್ಲ, ಪದ್ಯವಿಲ್ಲ. ಸೆರಗು ತಲೆಯ ಮೇಲಿಂದ ಜಾರಿ ಹೋಗಿತ್ತು. ವಾರಗಿತ್ತಿ ಎರಡೂ ಕಿವಿ ಮುಚ್ಚಿಕೊಂಡಳು. ನಾನು ರಿಜಿಸ್ಟರನ್ನು ತೆರೆದು, ಪುಟ ತೋರಿಸಿ, ಸಾಹೇಬನ ಮೇಲೆ ಹರಿಹಾಯ್ದೆ. ಕನ್ನಡ, ಹಿಂದಿ, ಮರಾಠಿ ಯಾವುದು ಬಾಯಿಗೆ ಬಂತೋ ಅದರಲ್ಲಿ ಬೈದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಟೀಚರ್‌ಬಾಯಿ, ಕಾಲಮ್ ಖಾಲೀ ತೋ ಆಪ್‌ನೇಚ್ ಛೋಡಾ ಥಾ."

ಖಾಲಿ ಬಿಟ್ಟವಳು ನಾನೇ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಬೇವಿನ ತೋರಣ ಇನ್ನೂ ಚೌಕಟ್ಟಿಗೆ ಕಟ್ಟಿಯೇ ಇತ್ತು, ಚೌಕಟ್ಟು ಕಲ್ಲುಗಳ ಮೇಲೆ ಬಿದ್ದಿತ್ತು. ಆಕೆ ಟ್ರಂಕಿನ ಮೇಲೆ ಕೂತಿದ್ದಳು, ಶಾಂತಾ ಪಾತ್ರೆಗಳನ್ನು ಆರಿಸಿ ಒಂದು ಕಡೆ ಇಡುತ್ತಿದ್ದಳು. ಸುದ್ದಿ ತಿಳಿದು ಭೀಮರಾಯ ಕೆಲಸದಿಂದ ಓಡಿ ಬಂದಾಗ ಆಕೆ ಮುಖ ತಿರುಗಿಸಿ ಕೂತಳು. ಅವನನ್ನು ನೋಡಲು ಅವಳಿಗೆ ಭಯ. ಅವಳು ಮಾತಾಡಿದ್ದು ನನ್ನ ಹತ್ತಿರ.

"ಹೆಸರ ಹೇಳಿಬಿಟ್ಟೆರಿ ಅಕ್ಕೋರ. ಅಷ್ಟೂ ಮಂದಿ ಮುಂದ ಹೇಳಿಬಿಟ್ಟೆ. ಒಬ್ಬರೂ ಬರಕೊಳ್ಳಲಿಲ್ಲ."

ನನ್ನ ಕೈಯಲ್ಲಿ ರಿಜಿಸ್ಟರಿತ್ತು, ಜಂಬದ ಚೀಲದಲ್ಲಿ ಪೆನ್ನಿತ್ತು. ಎರಡು ದಿನದಲ್ಲಿ ಅವರು ಲೋಕಲ್ ಲೈನಿನ ಕಲ್ಯಾಣ ಸ್ಟೇಷನ್ನಿನ ಆಚೆ ಎಲ್ಲಿಗೋ ಹೋದರು, ಅಲ್ಲಿ ಹೊಸ ಬಿಲ್ಡಿಂಗುಗಳು ಏಳುತ್ತಿದ್ದವು. ತಿಂಗಳ ಕೊನೆಗೆ ಹಾಜರಿ ಪುಸ್ತಕದಲ್ಲಿ ಬಿ. ಶಾಂತಾ ಎಂಬ ಹೆಸರಿನ ಮೇಲೆ ನಾನೇ ಕೆಂಪು ಗೆರೆ ಎಳೆದೆ. ಕಾರಣ ಬರೆಯುವ ಜಾಗದಲ್ಲಿ "ಊರು ಬಿಟ್ಟಿದ್ದಾರೆ" ಎಂದು ಬರೆದೆ, ತಾವಾಗಿಯೇ ಬಿಟ್ಟುಹೋದವರ ಹಾಗೆ.

ಅದೇ ಬಂಡೆಯ ಮೇಲೆ ಈಗ ಲಿಫ್ಟು ಓಡಾಡುತ್ತಿದೆ. ನಲ್ಲಿಯ ನೀರು ಹದಿನಾಲ್ಕನೇ ಮಾಳಿಗೆಗೂ ಹತ್ತುತ್ತದೆ, ಹತ್ತಿಸಬೇಕೆಂದರೆ ಹತ್ತುತ್ತದೆ. ಗೇಟಿನಲ್ಲಿ ತೂಗಾಡುತ್ತಿದ್ದ ಪೆನ್ನನ್ನು ದಾರ ಹಿಡಿದು ಮೇಲೆಳೆದುಕೊಂಡೆ. ಈ ಸಲವಾದರೂ ಮೂರನೇ ಕಾಲಮ್ಮಿನಲ್ಲಿ ಆಕೆಯನ್ನು ಬರೆಯುತ್ತೇನೆ, ಇದು ಆಕೆಯ ಜಾಗ, ನಾನು ಕಾಣಬೇಕಾದವಳು ಆಕೆಯೇ ಎಂದುಕೊಂಡು ಬಗ್ಗಿದೆ. ಪೆನ್ನು ಕಾಗದಕ್ಕೆ ಮುಟ್ಟಿತು, ಕೈ ಅಲ್ಲೇ ನಿಂತಿತು.

ಭೀಮರಾಯ ಗೊತ್ತು. ಶಾಂತಾ ಗೊತ್ತು. ಆ ಸಾಹೇಬನ ಹೆಸರು, ಅಡ್ಡಹೆಸರು ಎರಡೂ ನೆನಪಿವೆ. ಆಕೆಯನ್ನು ಓಣಿಯವರೆಲ್ಲ ಶಾಂತಿ ಅವ್ವ ಎನ್ನುತ್ತಿದ್ದರು, ನಾನೂ ಹಾಗೆಯೇ ಅಂದೆ. ಫಾರಮ್ಮಿನಲ್ಲಿ ಆಕೆಗೆ ಕಾಲಮ್ಮಿರಲಿಲ್ಲ, ಶಾಲೆಯ ರಿಜಿಸ್ಟರಿನಲ್ಲೂ ಇರಲಿಲ್ಲ. ಗಂಡನ ಹೆಸರಿಗಾಗಿ ಅಷ್ಟು ಪೀಡಿಸಿದೆವು, ನಿನ್ನ ಹೆಸರೇನಮ್ಮ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಅದನ್ನು ಹೇಳಬಾರದೆಂದು ಆಕೆಗೆ ಯಾರೂ ಕಲಿಸಿರಲಿಲ್ಲ.

"ಮ್ಯಾಡಮ್, ಪೀಛೇ ಲೈನ್ ಹೈ" ಎಂದ ವಾಚ್‌ಮನ್.

ಸಹೋದ್ಯೋಗಿಯ ಮಗನ ಹೆಸರು ಬರೆದು ಲಿಫ್ಟಿನ ಕಡೆ ನಡೆದೆ.